ಬಿಸಿ ಬನ್ನಿನ ಮುಂದೆ ಬಂದ ಮಾತು

ಬೆಂಗಳೂರಿನ ನಮ್ಮ ಬಡಾವಣೆಯ ತಿರುವಿನಲ್ಲಿ ಹೊಸ ಬೇಕರಿಯೊಂದು ಶುರುವಾಗಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ ಮಗಳೊಂದಿಗೆ ಮೊನ್ನೆ ಸಂಜೆ ಹೋಗಿದ್ದೆ. ಟೀ ಕೊಂಚ ನೀರು. ಆದರೆ ಆಗಷ್ಟೇ ಒಲೆಯಿಂದ ಇಳಿದ ಖಾರಾ ಬನ್ನಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆಯ ಘಮ! ಮೊಟ್ಟೆಯಿಲ್ಲದ ಈ ರುಚಿ ಊರಿಗೆ ಹಳೆಯದು. ಚಿಕ್ಕಪೇಟೆಯಲ್ಲಿ ಅಯ್ಯಂಗಾರ್ ಸೋದರರ ಬಿ.ಬಿ. ಬೇಕರಿ ಆರಂಭವಾದದ್ದು 1898ರಲ್ಲಿ.

‘ಬನ್ ಉಬ್ಬೋದು ಹೇಗೆ ಹೇಳು?’ ಎಂದೆ. ‘ಯೀಸ್ಟ್ ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತೆ’ ಎಂದಳು ಥಟ್ಟನೆ. ಆಮೇಲೆ ಮೆಲ್ಲಗೆ, ‘ಆದ್ರೂ ಪಿಯುಸಿಗೆ ಸೈನ್ಸ್ ಬೇಡಪ್ಪ, ಆರ್ಟ್ಸ್ ತಗೋತೀನಿ.’

ಮನೆಯಲ್ಲಿ ಮೂರು ತಿಂಗಳಿಂದ ಬಾಯಿಗೆ ಬಾರದ ಮಾತು! ಗದರಲು ಹೊರಟವನು ಇನ್ನೆರಡು ಬನ್ ಹೇಳಿ, ‘ಯಾಕೆ?’ ಎಂದೆ. ಪಾಲಕರೇ, ಫಲಿತಾಂಶಕ್ಕೆ ಮೊದಲು ನೀವೂ ಮಕ್ಕಳ ಜತೆ ಹೀಗೊಮ್ಮೆ ಕೂತು ನೋಡಿ.