ಗೋಡೆ ಒಡೆಯದ ಗುಂಡುಗಳು: ಕೊಂಗುನಾಡಿನ ಮುತ್ತಿಗೆಗಳು, ಮಾರ್ಟರ್ ಮತ್ತು ಹೊವಿಟ್ಜರ್

ಕೊಂಗುನಾಡಿನ, ಅಂದರೆ ಇಂದಿನ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಸುತ್ತಿನ, ಬಯಲು 1768ರಿಂದ 1799ರವರೆಗಿನ ಮೂರು ದಶಕಗಳಲ್ಲಿ ಮೈಸೂರು ಮತ್ತು ಈಸ್ಟ್ ಇಂಡಿಯಾ ಕಂಪನಿಯ ನಡುವೆ ಹಲವು ಸಲ ಕೈ ಬದಲಾಯಿಸಿತು. ಪಶ್ಚಿಮಕ್ಕೆ ಪಾಲಕ್ಕಾಡಿನ ಕಣಿವೆ, ಉತ್ತರಕ್ಕೆ ಗಜ್ಜಲಹಟ್ಟಿಯ ಘಾಟಿ, ಇವೆರಡರ ನಡುವಿನ ದಾರಿಗಳನ್ನು ಕಾಯುವ ಕೊಯಮತ್ತೂರು, ಧಾರಾಪುರ ಮೊದಲಾದ ಕೋಟೆಗಳು ಮತ್ತೆ ಮತ್ತೆ ಮುತ್ತಿಗೆಗೆ ಒಳಗಾದವು. ಆ ಮುತ್ತಿಗೆಗಳನ್ನು ವರ್ಣಿಸುವ ಜನಪ್ರಿಯ ಬರಹಗಳಲ್ಲಿ ಬಾಯಿಯಿಂದ ಬೆಂಕಿ ಉಗುಳುವ ಪ್ರತಿಯೊಂದು ಆಯುಧವೂ ಫಿರಂಗಿಯೇ ಆಗಿರುತ್ತದೆ, ಪ್ರತಿಯೊಂದು ಗುಂಡೂ ಗೋಡೆಗೆ ಬಡಿದು ಸಿಡಿಯುತ್ತದೆ, ಗೋಡೆ ಕುಸಿದೊಡನೆ ಸೈನ್ಯ ಒಳನುಗ್ಗುತ್ತದೆ. ಹದಿನೆಂಟನೆಯ ಶತಮಾನದ ತೋಪುಖಾನೆ ಇಷ್ಟು ಸರಳವಾಗಿ ಕೆಲಸ ಮಾಡುತ್ತಿರಲಿಲ್ಲ. ವಿಶೇಷವಾಗಿ ಮಾರ್ಟರ್ ಮತ್ತು ಹೊವಿಟ್ಜರ್‌ಗಳ ವಿಷಯದಲ್ಲಿ ಈ ಚಿತ್ರ ಹೆಚ್ಚುಕಡಿಮೆ ಪೂರ್ತಿಯಾಗಿ ತಪ್ಪು.

ಆ ಕಾಲದ ತೋಪುಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಉದ್ದ ಕೊಳವೆಯ ಫಿರಂಗಿ. ಇದು ಗಟ್ಟಿ ಕಬ್ಬಿಣದ ಗುಂಡನ್ನು ಬಹುಮಟ್ಟಿಗೆ ನೇರವಾಗಿ, ಭಾರೀ ವೇಗದಲ್ಲಿ ಹೊಡೆಯುತ್ತಿತ್ತು. ಎರಡನೆಯದು ಮಾರ್ಟರ್, ಇದರ ಕೊಳವೆ ಒರಳಿನಂತೆ ಗಿಡ್ಡ, ಬಾಯಿ ಅಗಲ, ಒಳತುದಿಯಲ್ಲಿ ಮದ್ದು ತುಂಬಲು ಇನ್ನೂ ಕಿರಿದಾದ ಒಂದು ಗೂಡು. ಗಾಲಿಗಳಿಲ್ಲದ ಮರದ ಅಥವಾ ಕಬ್ಬಿಣದ ದಪ್ಪ ಪೀಠದ ಮೇಲೆ ಕುಳಿತು ಇದು ಒಳಗೆ ಮದ್ದು ತುಂಬಿದ ಟೊಳ್ಳು ಗುಂಡನ್ನು ಆಕಾಶಕ್ಕೆ ಎತ್ತರವಾಗಿ ಚಿಮ್ಮಿಸುತ್ತಿತ್ತು. ಇವೆರಡರ ನಡುವೆ ನಿಲ್ಲುವ ಹೊವಿಟ್ಜರ್ ಮಾರ್ಟರಿಗಿಂತ ಉದ್ದ, ಫಿರಂಗಿಗಿಂತ ಗಿಡ್ಡ. ಹೊಡೆಯುತ್ತಿದ್ದುದು ಟೊಳ್ಳು ಗುಂಡನ್ನೇ, ಆದರೆ ಗಾಲಿಬಂಡಿಯ ಮೇಲಿಂದ, ತಗ್ಗು ಬಾಗಿನಲ್ಲಿ. ಫಿರಂಗಿಯನ್ನು ಅದರ ಗುಂಡಿನ ತೂಕದಿಂದಲೂ ಮಾರ್ಟರ್ ಮತ್ತು ಹೊವಿಟ್ಜರ್‌ಗಳನ್ನು ಬಾಯಿಯ ಅಗಲದಿಂದಲೂ ಗುರುತಿಸುವುದು ಬ್ರಿಟಿಷರ ರೂಢಿಯಾಗಿತ್ತು. ಆದ್ದರಿಂದ 24 ಪೌಂಡಿನ ಫಿರಂಗಿ 13 ಅಂಗುಲದ ಮಾರ್ಟರಿಗಿಂತ ದೊಡ್ಡದೆಂದು ಸಂಖ್ಯೆ ನೋಡಿ ಭಾವಿಸುವಂತಿಲ್ಲ; ಮೊದಲನೆಯದರ ಗುಂಡು ಹನ್ನೊಂದು ಕಿಲೋ ತೂಗಿದರೆ ಎರಡನೆಯದರದು ಸುಮಾರು ತೊಂಬತ್ತು ಕಿಲೋ.

ಇಷ್ಟು ಭಾರದ ಗುಂಡು ಬಿದ್ದರೆ ಕೋಟೆಯ ಗೋಡೆ ಉಳಿಯುವುದೇ ಎಂಬ ಪ್ರಶ್ನೆಯಿಂದಲೇ ದೊಡ್ಡ ತಪ್ಪು ಕಲ್ಪನೆ ಹುಟ್ಟುತ್ತದೆ. ಮಾರ್ಟರ್ ಒಂದು ಕಿಲೋಮೀಟರ್ ದೂರಕ್ಕೆ 45 ಡಿಗ್ರಿ ಕೋನದಲ್ಲಿ ಹೊಡೆದರೆ, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದಲ್ಲಿ, ಗುಂಡಿನ ವೇಗ ಸೆಕೆಂಡಿಗೆ ಸುಮಾರು 100 ಮೀಟರ್ ಆಗುತ್ತದೆ. ಅದೇ 24 ಪೌಂಡಿನ ಫಿರಂಗಿಯ ಗುಂಡು ಬಾಯಿ ಬಿಡುವಾಗ 400 ಮೀಟರಿಗೂ ಹೆಚ್ಚಿನ ವೇಗದಲ್ಲಿರುತ್ತಿತ್ತು. ಚಲನಶಕ್ತಿ ತೂಕದೊಂದಿಗೆ ಸಮನಾಗಿ ಬೆಳೆದರೂ ವೇಗದೊಂದಿಗೆ ಅದರ ವರ್ಗದಂತೆ ಬೆಳೆಯುವುದರಿಂದ, ಎಂಟು ಪಾಲು ಹಗುರವಾದ ಫಿರಂಗಿಯ ಗುಂಡು ಮಾರ್ಟರಿನ ಗುಂಡಿನ ಸುಮಾರು ಇಮ್ಮಡಿ ಶಕ್ತಿಯನ್ನು ಹೊತ್ತು ಹೊರಡುತ್ತಿತ್ತು. ಅದಕ್ಕಿಂತಲೂ ಮುಖ್ಯವಾದುದು ದಿಕ್ಕು. ಮೇಲಿನಿಂದ ಇಳಿಯುವ ಗುಂಡು ನಿಂತ ಗೋಡೆಯ ಮುಖಕ್ಕೆ ತಗಲುವುದೇ ಅಪರೂಪ. ಗೋಡೆ ಬೀಳಿಸುವುದು ಬೇರೆಯೇ ಆದ, ತಾಳ್ಮೆಯ ಕೆಲಸ: ಭಾರೀ ಫಿರಂಗಿಗಳನ್ನು ಕೆಲವು ನೂರು ಗಜಗಳಷ್ಟು ಹತ್ತಿರ ತಂದು ನಿಲ್ಲಿಸಿ, ಗೋಡೆಯ ಕೆಳಭಾಗದ ಒಂದೇ ಪಟ್ಟಿಗೆ ದಿನಗಟ್ಟಲೆ ಹೊಡೆದು, ಅಡಿಯನ್ನು ಕಡಿದ ಮೇಲೆ ಮೇಲಿನ ಭಾಗ ತನ್ನ ಭಾರಕ್ಕೆ ತಾನೇ ಕುಸಿದು ಕಂದಕದೊಳಗೆ ಇಳಿಜಾರಾಗಿ ಹರಡುವಂತೆ ಮಾಡಬೇಕಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಸೈನಿಕರು ಹತ್ತಿದ್ದು ಫಿರಂಗಿಗಳು ತೆರೆದ ಇಂಥ ಬಿರುಕಿನಿಂದಲೇ.

ಹಾಗಾದರೆ ಮಾರ್ಟರಿನ ಉದ್ದೇಶವೇನು? ಗೋಡೆಯ ಹಿಂದಿರುವುದನ್ನು ಮುಟ್ಟುವುದು. ಕೋಟೆಯೊಳಗಿನ ಬಿಡಾರ, ದನದ ಹಟ್ಟಿ, ಉಗ್ರಾಣ, ಮದ್ದಿನ ಮನೆ, ರಾತ್ರಿಯಲ್ಲಿ ಗೋಡೆ ದುರಸ್ತಿ ಮಾಡುವ ಕೂಲಿಗಳು, ಇವೆಲ್ಲ ನೇರ ಹೊಡೆತಕ್ಕೆ ಸಿಗದವು. ಗೋಲಂದಾಜನಿಗೆ, ಅಂದರೆ ತೋಪು ಹಾರಿಸುವವನಿಗೆ, ತನ್ನ ಗುರಿ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಮಾರ್ಟರಿನ ಮುಂದೆ ನೆಟ್ಟ ಗೂಟಗಳನ್ನೂ ತೂಗುಗುಂಡಿನ ದಾರವನ್ನೂ ನೋಡಿ ದಿಕ್ಕು ಹಿಡಿಯುತ್ತಿದ್ದನು. ಇಂಥ ಹೊಡೆತದಿಂದ ನಿರ್ದಿಷ್ಟ ಕಟ್ಟಡವೊಂದಕ್ಕೆ ಗುರಿ ತಪ್ಪದೆ ಹೊಡೆಯುವುದು ಅದೃಷ್ಟದ ಮಾತು, ಆದರೆ ಒಳಗಿನವರಿಗೆ ನಿದ್ದೆಯನ್ನೂ ನೆಮ್ಮದಿಯನ್ನೂ ಇಲ್ಲದಂತೆ ಮಾಡಲು ಅಷ್ಟೇ ಸಾಕಾಗಿತ್ತು.

ಇದರ ಜೊತೆಗೆ ಸೇರಿಕೊಂಡಿರುವ ಇನ್ನೊಂದು ನಂಬಿಕೆಯೆಂದರೆ ಮಣ್ಣಿನ ಕೋಟೆಗಳು ತೋಪಿನ ಮುಂದೆ ನಿಲ್ಲಲಾರವು ಎಂಬುದು. ಧಾರಾಪುರದ ಕೋಟೆ ಮಣ್ಣಿನದು, ಸುತ್ತ ಕಂದಕವಿದ್ದದ್ದು. ಕೊಂಗುನಾಡಿನಲ್ಲಿ ಇಂಥವು ಬೇರೆಯೂ ಇದ್ದವು. ಕಲ್ಲಿನ ಗೋಡೆ ಗುಂಡಿನ ಪೆಟ್ಟಿಗೆ ಬಿರಿದು ಚಕ್ಕೆಚಕ್ಕೆಯಾಗಿ ಹಾರಿದರೆ, ದಪ್ಪ ಮಣ್ಣಿನ ದಿಬ್ಬ ಗುಂಡನ್ನು ನುಂಗಿಕೊಳ್ಳುತ್ತದೆ. ಯುರೋಪಿನ ಕೋಟೆ ಕಟ್ಟುವವರು ತಮ್ಮ ಗೋಡೆಗಳನ್ನು ತಗ್ಗಿಸಿ ಹಿಂದೆ ಮಣ್ಣು ತುಂಬಲು ಕಲಿತದ್ದೂ ಇದೇ ಕಾರಣಕ್ಕೆ. ಮಣ್ಣುಕೋಟೆಯ ದೌರ್ಬಲ್ಯವಿದ್ದದ್ದು ಮಳೆಯಲ್ಲಿ, ದುರಸ್ತಿಯಿಲ್ಲದ ವರ್ಷಗಳಲ್ಲಿ, ಮತ್ತು ಒಳಗೆ ತೋಪುಗಳಿಲ್ಲದಿರುವುದರಲ್ಲಿ. 1790ರ ಅಕ್ಟೋಬರಿನಲ್ಲಿ ಟಿಪ್ಪು ಸುಲ್ತಾನನಿಗೆ ಧಾರಾಪುರ ಬೇಗನೆ ಒಪ್ಪಿಸಲ್ಪಟ್ಟದ್ದನ್ನು ಗೋಡೆಯ ಸೋಲೆಂದು ಓದುವುದು ಸರಿಯಲ್ಲ.

ಕೊಯಮತ್ತೂರಿನ 1791ರ ಮುತ್ತಿಗೆ ಈ ಮಾತಿಗೆ ಒಳ್ಳೆಯ ಸಾಕ್ಷಿ. 1790ರ ಜುಲೈಯಲ್ಲಿ ಕಂಪನಿಯ ಜನರಲ್ ಮೆಡೋಸನ ಸೈನ್ಯ ಹಿಡಿದಿದ್ದ ಈ ಕೋಟೆಯ ಭಾರೀ ತೋಪುಗಳನ್ನು ಹೆಚ್ಚು ಭದ್ರವಾದ ಪಾಲಕ್ಕಾಡಿಗೆ ಸಾಗಿಸಲಾಗಿತ್ತು. ಉಳಿದ ಕೆಲವು ಸಣ್ಣ ತೋಪುಗಳು, ಕಳಪೆ ಮದ್ದು, ತಿರುವಾಂಕೂರಿನ ಸಿಪಾಯಿಗಳೂ ಸೇರಿದಂತೆ ಕೆಲವೇ ನೂರು ಜನ, ಇಷ್ಟನ್ನು ಇಟ್ಟುಕೊಂಡು ಲೆಫ್ಟಿನೆಂಟ್ ಚಾಮರ್ಸ್ 1791ರ ಜೂನ್‌ನಿಂದ ಕೋಟೆಯನ್ನು ಕಾಯ್ದನು. ಆಗಸ್ಟ್ 11ರಂದು ಮೈಸೂರಿನ ಸೈನ್ಯ ಇಟ್ಟ ಲಗ್ಗೆ, ಅಂದರೆ ಕೋಟೆಯನ್ನು ಹತ್ತಿ ಹಿಡಿಯುವ ನೇರ ದಾಳಿ, ಭಾರೀ ನಷ್ಟದೊಂದಿಗೆ ಹಿಮ್ಮೆಟ್ಟಿತು. ಮುಂದೆ ಮೈಸೂರಿನ ಸೇನಾನಿ ಕಮರುದ್ದೀನ್ ಖಾನನು ಹೆಚ್ಚಿನ ಬಲದೊಂದಿಗೆ ಬಂದು ಮತ್ತೆ ಮುತ್ತಿಗೆ ಹಾಕಿದನು; ಗೋಡೆ ಬಿರಿದು ಒಳಗಿನ ಮದ್ದು ಮುಗಿಯುತ್ತ ಬಂದ ಮೇಲೆ ನವೆಂಬರ್ 3ರಂದು ಕೋಟೆ ಶರಣಾಯಿತು. ನಿರ್ಣಾಯಕವಾದದ್ದು ಗೋಡೆಗೆ ತಗುಲಿದ ಫಿರಂಗಿಯ ಗುಂಡು ಮತ್ತು ಒಳಗಿನ ಮದ್ದಿನ ಅಭಾವ. ಬಾನಿನಿಂದ ಬಿದ್ದ ಯಾವ ಅದ್ಭುತವೂ ಅಲ್ಲ. ಆ ಕೋಟೆಯ ಗೋಡೆ ಈಗಿಲ್ಲ. ಉಕ್ಕಡಂ ಬಳಿಯ ಕೋಟೈಮೇಡಿನ ಹೆಸರಿನಲ್ಲಿ ಮಾತ್ರ ಅದು ಉಳಿದಿದೆ.

ದೂರಕ್ಕೆ ಹೊಡೆಯಬೇಕಾದರೆ ಮಾರ್ಟರಿನ ಬಾಯನ್ನು ಏರಿಸುತ್ತಿದ್ದರು, ಹತ್ತಿರಕ್ಕಾದರೆ ಇಳಿಸುತ್ತಿದ್ದರು ಎಂಬ ಊಹೆಯೂ ಸಹಜವಾದದ್ದೇ. ವಾಸ್ತವದಲ್ಲಿ ಅನೇಕ ಮಾರ್ಟರ್‌ಗಳು 45 ಡಿಗ್ರಿಯ ಸುಮಾರಿಗೆ ಒಂದೇ ಕೋನದಲ್ಲಿ ನಿಂತಿರುತ್ತಿದ್ದವು. ಬದಲಾಗುತ್ತಿದ್ದದ್ದು ಗೂಡಿನೊಳಗೆ ಅಳೆದು ಹಾಕುವ ಮದ್ದಿನ ತೂಕ. ಹೀಗಾಗಿ ಗೋಲಂದಾಜನ ಕೈಯಲ್ಲಿ ಕೋನಮಾಪಕಕ್ಕಿಂತ ತಕ್ಕಡಿಗೇ ಹೆಚ್ಚು ಬೆಲೆ. ಮದ್ದು ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ಪೆಟ್ಲುಪ್ಪು ಗಾಳಿಯ ತೇವ ಹೀರಿಕೊಂಡರೆ ಅದೇ ತೂಕದ ಮದ್ದು ಅದೇ ದೂರಕ್ಕೆ ಗುಂಡನ್ನು ಒಯ್ಯುವುದಿಲ್ಲ. ಮುಂಗಾರು ಪಾಲಕ್ಕಾಡಿನ ಕಣಿವೆಯಿಂದ ನುಗ್ಗಿ ಬರುವ ನಾಡಿನಲ್ಲಿ ಇದು ಸಣ್ಣ ವಿಷಯವಲ್ಲ.

ಟೊಳ್ಳು ಗುಂಡು ನೆಲಕ್ಕೆ ಬಡಿದೊಡನೆ ಸಿಡಿಯುತ್ತಿತ್ತೆಂಬುದು ಬಹುಶಃ ಚಲನಚಿತ್ರಗಳಿಂದ ಬಂದ ನಂಬಿಕೆ. ಬಡಿತಕ್ಕೆ ಸಿಡಿಯುವ, ನಂಬಲರ್ಹವಾದ ಗುಂಡುಗಳು ಹತ್ತೊಂಬತ್ತನೆಯ ಶತಮಾನದವು. ಹದಿನೆಂಟನೆಯ ಶತಮಾನದ ಗುಂಡು ಸಮಯಕ್ಕೆ ಸಿಡಿಯುತ್ತಿತ್ತು, ತಾಕಿದ್ದಕ್ಕಲ್ಲ. ಗುಂಡಿನ ಮೇಲಿನ ತೂತಿಗೆ ಮರದ ಕೊಳವೆಯೊಂದನ್ನು ಬಿಗಿದು, ಅದರೊಳಗೆ ನಿಧಾನವಾಗಿ ಉರಿಯುವ ಮದ್ದನ್ನು ಗಟ್ಟಿಯಾಗಿ ಜಡಿಯುತ್ತಿದ್ದರು. ಇದೇ ಗುಂಡಿನ ಬತ್ತಿ. ಒಂದು ಕಿಲೋಮೀಟರ್ ದೂರದ ಹೊಡೆತದಲ್ಲಿ ಗುಂಡು 250 ಮೀಟರ್ ಎತ್ತರಕ್ಕೆ ಏರಿ ಇಳಿಯಲು ಹದಿನಾಲ್ಕು ಸೆಕೆಂಡು ಹಿಡಿಯುತ್ತದೆ. ಬತ್ತಿಯನ್ನು ಅಷ್ಟು ಹೊತ್ತು ಉರಿಯುವಷ್ಟು ಉದ್ದಕ್ಕೆ ಕತ್ತರಿಸಬೇಕು. ಉದ್ದ ಹೆಚ್ಚಾದರೆ ಗುಂಡು ನೆಲದ ಮೇಲೆ ಬಿದ್ದು ಹೊಗೆಯಾಡುತ್ತ ಕೂರುತ್ತದೆ, ಹತ್ತಿರವಿದ್ದವರಿಗೆ ಓಡಿ ಮಲಗಲು ಸಮಯ ಸಿಗುತ್ತದೆ. ಕಡಿಮೆಯಾದರೆ ಆಕಾಶದಲ್ಲೇ ವ್ಯರ್ಥವಾಗಿ ಒಡೆಯುತ್ತದೆ. ಈ ಬತ್ತಿಗೆ ಗೋಲಂದಾಜನು ಮೊದಲು ಕಿಡಿ ಮುಟ್ಟಿಸಿ, ಆಮೇಲೆ ಓಡಿಹೋಗಿ ತೋಪಿಗೆ ಬೆಂಕಿಯಿಡುತ್ತಿದ್ದನೆಂದು ಹೇಳುವುದುಂಟು. ಹಿಂದಿನ ಕಾಲದಲ್ಲಿ ಆ ಅಪಾಯದ ಪದ್ಧತಿ ನಿಜವಾಗಿಯೂ ಇತ್ತು, ಆದರೆ ಗುಂಡಿಗೂ ಕೊಳವೆಗೂ ನಡುವೆ ಉಳಿಯುವ ಸಂದಿನಲ್ಲಿ ನುಗ್ಗುವ ಜ್ವಾಲೆಯೇ ಬತ್ತಿಯನ್ನು ಹೊತ್ತಿಸುತ್ತದೆಂದು ತಿಳಿದ ಮೇಲೆ ಅದರ ಅಗತ್ಯ ಉಳಿಯಲಿಲ್ಲ.

ಸಿಡಿದ ಗುಂಡಿನ ಪರಿಣಾಮವನ್ನೂ ಇಂದಿನ ಬಾಂಬಿನ ಅಳತೆಯಿಂದ ಅಳೆಯಬಾರದು. ಕಪ್ಪು ಮದ್ದು ಈಗಿನ ಸ್ಫೋಟಕಗಳಂತೆ ಲೋಹವನ್ನು ಪುಡಿಗಟ್ಟುವುದಿಲ್ಲ. ಎರಕದ ಕಬ್ಬಿಣವನ್ನು ಕೆಲವು ದೊಡ್ಡ ಹೋಳುಗಳಾಗಿ ಸೀಳಿ ಎಸೆಯುತ್ತದೆ. ಸಣ್ಣ ಗುಂಡುಗಳನ್ನು ತುಂಬಿ ಶತ್ರುವಿನ ತಲೆಯ ಮೇಲೆ ಸಿಡಿಸುವ ಉಪಾಯವನ್ನು ಹೆನ್ರಿ ಶ್ರಾಪ್ನೆಲ್ 1784ರ ಸುಮಾರಿಗೆ ಪ್ರಯೋಗಿಸತೊಡಗಿದರೂ ಬ್ರಿಟಿಷ್ ಸೈನ್ಯ ಅದನ್ನು ಒಪ್ಪಿಕೊಂಡದ್ದು 1803ರಲ್ಲಿ. ಆದ್ದರಿಂದ ಮೈಸೂರು ಯುದ್ಧಗಳ ಕಥನದಲ್ಲಿ ಶ್ರಾಪ್ನೆಲ್ ಗುಂಡು ಕಾಣಿಸಿಕೊಂಡರೆ ಅದು ಬರಹಗಾರನ ಕೊಡುಗೆಯೆಂದೇ ತಿಳಿಯಬೇಕು.

ಹೊವಿಟ್ಜರ್ ಎಂಬ ಹೆಸರನ್ನು ಭಾರತದ ಹೆಚ್ಚಿನ ಓದುಗರು ಕೇಳಿದ್ದು 1986ರ ಬೋಫೋರ್ಸ್ ಒಪ್ಪಂದದ ವಿವಾದದಲ್ಲಿ, ಅಥವಾ 1999ರ ಕಾರ್ಗಿಲ್ ಯುದ್ಧದಲ್ಲಿ. ಅದು ಇಪ್ಪತ್ತನೆಯ ಶತಮಾನದ ಆಯುಧವೆಂಬ ಭಾವನೆ ಅದರಿಂದ ಬೇರೂರಿದೆ. ಆದರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸಿಕ್ಕ 929 ತೋಪುಗಳಲ್ಲಿ ಮಾರ್ಟರ್‌ಗಳೊಂದಿಗೆ ಹೊವಿಟ್ಜರ್‌ಗಳೂ ಇದ್ದವು, ಎರಡೂ ಸೇರಿ ಒಟ್ಟಿನ ಸುಮಾರು ಹತ್ತನೆಯ ಒಂದು ಪಾಲು. ಆ ಕಾಲದ ಹೊವಿಟ್ಜರ್ ಮೈಲುಗಟ್ಟಲೆ ದೂರದ ಆಯುಧವಾಗಿರಲಿಲ್ಲ. ಸೈನ್ಯದೊಂದಿಗೇ ಉರುಳುತ್ತ ಹೋಗಿ, ದಿಬ್ಬದ ಅಥವಾ ಬೇಲಿಸಾಲಿನ ಮರೆಯಲ್ಲಿ ನಿಂತವರ ಮೇಲೆ ಟೊಳ್ಳು ಗುಂಡನ್ನು ದಾಟಿಸಿ ಹಾಕುವುದು, ಶತ್ರು ತೀರ ಹತ್ತಿರ ಬಂದರೆ ತಗಡಿನ ಡಬ್ಬಿಯಲ್ಲಿ ತುಂಬಿದ ಚಿಕ್ಕ ಗುಂಡುಗಳನ್ನು ಚೆಲ್ಲುವುದು ಅದರ ಕೆಲಸ. ಮುತ್ತಿಗೆಯಲ್ಲಿ ಕಡಿಮೆ ಮದ್ದು ಹಾಕಿ, ಗುಂಡು ಕೊತ್ತಲದ ಅಂಚನ್ನು ದಾಟಿ ಒಳಗಿನ ಹಾದಿಯುದ್ದಕ್ಕೂ ಪುಟಿಯುತ್ತ ಹೋಗುವಂತೆ ಹೊಡೆಯುವ ಕ್ರಮವೂ ಇತ್ತು.

ಮೈಸೂರಿನ ರಾಕೆಟ್‌ಗಳಿದ್ದುದರಿಂದ ಮಾರ್ಟರ್ ಬೇಕಿರಲಿಲ್ಲ ಎಂಬುದು ಕನ್ನಡಿಗರ ಅಭಿಮಾನಕ್ಕೆ ಹಿತವಾದ ಮಾತು. ಕಬ್ಬಿಣದ ಕೊಳವೆಗೆ ಬಿದಿರ ಕೋಲು ಕಟ್ಟಿದ ಆ ಬಾಣ ಹಗುರ, ಅಗ್ಗ, ಗಾಲಿ ಎತ್ತುಗಳ ಹಂಗಿಲ್ಲದ್ದು. ಶಿವಮೊಗ್ಗ ಜಿಲ್ಲೆಯ ನಗರದ ಬಾವಿಯೊಂದರಲ್ಲಿ 2018ರಲ್ಲಿ ಸಿಕ್ಕ ಸಾವಿರಕ್ಕೂ ಹೆಚ್ಚು ಕೊಳವೆಗಳು ಅದರ ತಯಾರಿಕೆಯ ಪ್ರಮಾಣವನ್ನು ತೋರಿಸುತ್ತವೆ. ಆದರೆ ಅದು ಕುದುರೆಗಳನ್ನು ಬೆದರಿಸಲು, ಗುಂಪನ್ನು ಚದರಿಸಲು, ಬೆಂಕಿ ಹಚ್ಚಲು ಒದಗಿದಂತೆ ಅಳೆದು ಗುರಿಯಿಡಲು ಒದಗುತ್ತಿರಲಿಲ್ಲ. ಟಿಪ್ಪುವೂ ಒಂದರ ಬದಲು ಇನ್ನೊಂದನ್ನು ಆರಿಸಿಕೊಂಡವನಲ್ಲ. ಕುಳಿತ ಹುಲಿಯ ಆಕಾರದಲ್ಲಿ ಎರಕ ಹೊಯ್ದ ಅವನ ಕಂಚಿನ ಮಾರ್ಟರ್‌ಗಳು ಇಂದಿಗೂ ಉಳಿದಿವೆ.

ಕಡೆಯದಾಗಿ, ತೋಪುಗಳ ಶಕ್ತಿಯನ್ನು ಅವುಗಳ ಬಾಯಿಯಲ್ಲಿ ಮಾತ್ರ ಹುಡುಕುವವರು ಎತ್ತುಗಳನ್ನು ಮರೆಯುತ್ತಾರೆ. 24 ಪೌಂಡಿನ ಕಬ್ಬಿಣದ ಫಿರಂಗಿಯ ಕೊಳವೆಯೊಂದೇ ಸುಮಾರು ಎರಡೂವರೆ ಟನ್, 13 ಅಂಗುಲದ ಮಾರ್ಟರ್ ಪೀಠವನ್ನು ಬಿಟ್ಟೇ ಒಂದು ಟನ್ನಿಗೂ ಹೆಚ್ಚು. ಮೈಸೂರಿನ ಅಮೃತಮಹಲ್ ಎತ್ತುಗಳು ಟಿಪ್ಪುವಿನ ತಂದೆ ಹೈದರನ ಸೈನ್ಯದ ನಡಿಗೆಗೆ ಹೆಸರು ತಂದದ್ದು ಈ ಭಾರವನ್ನು ಎಳೆದೇ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಗಜ್ಜಲಹಟ್ಟಿಯ ಘಾಟಿಯಿಂದ ಇಳಿಯುವಾಗ ಭಾರೀ ಸಾಮಗ್ರಿಯನ್ನು ಮೇಲೆಯೇ ತನ್ನ ಮಂತ್ರಿ ಪೂರ್ಣಯ್ಯನ ವಶದಲ್ಲಿ ಬಿಟ್ಟು ಬಂದನು. ಸೆಪ್ಟೆಂಬರ್ 13ರಂದು ಸತ್ಯಮಂಗಲದ ಬಳಿ ಕಂಪನಿಯ ಕಡೆಯ ಕರ್ನಲ್ ಫ್ಲಾಯ್ಡನ ಪಡೆಯ ಮೇಲೆ ಮೈಸೂರಿನ ತೋಪುಗಳು ದಿನವಿಡೀ ಹೊಡೆದಾಗ ತೋಪಿನ ಎತ್ತುಗಳಿಗೂ ಭಾರೀ ಹಾನಿಯಾಯಿತು. ಮರುದಿನ ಫ್ಲಾಯ್ಡ್ ದಕ್ಷಿಣಕ್ಕೆ, ಇಂದಿನ ತಿರುಪ್ಪೂರು ಜಿಲ್ಲೆಯ ಸೇವೂರಿನ ಕಡೆಗೆ ಹಿಂದೆಗೆಯುವಾಗ ಮೂರು ತೋಪುಗಳನ್ನು, ಎಳೆಯಲು ಎತ್ತುಗಳಿಲ್ಲವೆಂಬ ಕಾರಣಕ್ಕೆ, ಹಿಂದೆಯೇ ಬಿಟ್ಟುಹೋಗಬೇಕಾಯಿತು.