ಹೊಗೆ ಇಲ್ಲದ ಶೆಗಡಿ: ಅಂಗಳಕ್ಕೆ ಲೇಸು, ಕೋಣೆಗೆ ಮೋಸ

ಮಾಣಿಕನಗರದ ದತ್ತ ಜಯಂತಿ ಬಂತೆಂದರೆ ನಮ್ಮ ಕಡೆ ಥಂಡಿ ಗಟ್ಟಿಯಾಯಿತು ಎಂದೇ ಲೆಕ್ಕ. ಅಲ್ಲಿಂದ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಮುಗಿಯುವ ತನಕ ಮುಂಜಾನೆ ಕೌದಿ ಬಿಟ್ಟು ಏಳುವವನೇ ಶೂರ. ಬೀದರ ಜಿಲ್ಲೆ ಎಂದರೆ ಬರೀ ಬಿಸಿಲು ಎಂದುಕೊಂಡವರು ಬೆಂಗಳೂರಿನಲ್ಲಿ ಬಹಳ ಮಂದಿ ಇದ್ದಾರೆ. 1901ರ ಜನವರಿ 5ರಂದು ಬೀದರಿನಲ್ಲಿ 2.9 ಡಿಗ್ರಿಗೆ ಇಳಿದ ದಾಖಲೆ ಇದೆ ಎಂಬುದು ಅವರಿಗೆ ಗೊತ್ತಿರಲಿಕ್ಕಿಲ್ಲ.

ಥಂಡಿ ಬಂದ ಮೇಲೆ ಬೆಂಕಿ ಬೇಕೇ ಬೇಕು. ಹುಮನಾಬಾದಿನ ಬಸ್ ನಿಲ್ದಾಣದ ಸುತ್ತ, ಸಸ್ತಾಪುರ ಬಂಗ್ಲಾ ಕ್ರಾಸಿನಲ್ಲಿ, ಬಸವಕಲ್ಯಾಣದ ಪೇಟೆಯಲ್ಲಿ ಮುಂಜಾನೆ ನೋಡಿರಿ. ರಟ್ಟಿನ ಡಬ್ಬಿ, ಪ್ಲಾಸ್ಟಿಕ್ ಚೀಲ, ಸೈಕಲ್ ಟೈರು ಏನು ಸಿಕ್ಕರೂ ಉರಿಗೆ ಬಿತ್ತು. ಶಟರ್ ಎತ್ತುವ ಮೊದಲೇ ಅಂಗಡಿ ಎದುರು ಕರಿ ಹೊಗೆ. ಮೊದಲ ಬಸ್ಸಿಗೆ ನಿಂತವರು ಒಂದು ಕೈ ಬೆಂಕಿಗೆ ಚಾಚಿ, ಇನ್ನೊಂದು ಕೈಯಿಂದ ಮೂಗು ಮುಚ್ಚಿಕೊಂಡಿರುತ್ತಾರೆ. ಬೀದಿಯಲ್ಲಿ ಕಸ ಸುಡಬಾರದೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದವು. ಥಂಡಿಯ ಮುಂದೆ ನಿಯಮ ಯಾರಿಗೆ ನೆನಪಿರುತ್ತದೆ?

ಇದಕ್ಕೆ ಉತ್ತರ ಎಂಬಂತೆ ‘ಸ್ಮೋಕ್‌ಲೆಸ್’ ಎಂಬ ಉಕ್ಕಿನ ಅಗ್ಗಿಷ್ಟಿಕೆ ಈಗ ಕೊಳ್ಳಲು ಸಿಗುತ್ತದೆ. ಬಕೆಟ್ಟಿನ ಹಾಗೆ ದುಂಡಗೆ, ಎತ್ತಿ ಒಯ್ಯಲು ಹಗುರ, ಹಿತ್ತಲಲ್ಲಿಟ್ಟು ನಾಲ್ಕು ಮಂದಿ ಸುತ್ತ ಕೂಡಬಹುದು. ಮಾರುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ತಿಳಿಯದೆ ಕೊಂಡರೆ ದುಡ್ಡೂ ಹೋದೀತು, ಜೀವಕ್ಕೂ ಕುತ್ತು ಬಂದೀತು.

ಹೊಗೆ ಹೋಗುವುದು ಎಲ್ಲಿಗೆ?

ಹೊಗೆ ಎಂದರೆ ಉರಿಯದೆ ಉಳಿದ ಕಟ್ಟಿಗೆಯೇ. ಕಟ್ಟಿಗೆ ಕಾದಾಗ ಅದರಿಂದ ಅನಿಲ, ಎಣ್ಣೆಯಂಥ ಪಸೆ ಹೊರಡುತ್ತವೆ. ಸಾಕಷ್ಟು ಗಾಳಿ, ಸುಮಾರು 600 ಡಿಗ್ರಿ ಶಾಖ ಸಿಕ್ಕರೆ ಅವೂ ಉರಿದು ಬೆಳಕಾಗುತ್ತವೆ. ಸಿಗದಿದ್ದರೆ ನಮ್ಮ ಕಣ್ಣಿಗೆ ಬರುತ್ತವೆ.

ಈ ಹೊಸ ಶೆಗಡಿಗೆ ಎರಡು ಗೋಡೆ. ಹೊರಗೋಡೆಯ ಬುಡದ ತೂತಿನಿಂದ ತಣ್ಣನೆ ಗಾಳಿ ಒಳಹೊಕ್ಕು, ಎರಡು ಗೋಡೆಗಳ ಸಂದಿಯಲ್ಲಿ ಮೇಲೇರುತ್ತ ಕಾಯುತ್ತದೆ. ಒಳಗೋಡೆಯ ಕಂಠದ ಸುತ್ತ ಸಾಲಾಗಿ ಇರುವ ತೂತುಗಳಿಂದ ಅದು ಬಿಸಿಯಾಗಿ ನುಗ್ಗುತ್ತದೆ. ಕೆಳಗಿನಿಂದ ಬಂದ ಹೊಗೆ ಅಲ್ಲಿ ಎರಡನೇ ಸಲ ಉರಿಯುತ್ತದೆ. ತೂತಿನ ಬಾಯಲ್ಲಿ ಸಣ್ಣ ಸಣ್ಣ ಜ್ವಾಲೆ ಕಂಡರೆ ಶೆಗಡಿ ಕೆಲಸ ಮಾಡುತ್ತಿದೆ ಎಂದರ್ಥ.

ಹಳೆಯ ಕನಸು

ಹೊಗೆ ಕಳೆಯುವ ಯೋಚನೆ ನಮಗೆ ಹೊಸದಲ್ಲ. ಹೈದರಾಬಾದಿನ ಇಂಜಿನಿಯರಿಂಗ್ ಸಂಶೋಧನಾಲಯದಲ್ಲಿದ್ದ ಡಾ. ಎಸ್.ಪಿ. ರಾಜು ಅವರು ಚಿಮಣಿ ಇರುವ ಹೊಗೆರಹಿತ ಒಲೆ ರೂಪಿಸಿ, 1953ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದರು. ಆಗ ನಮ್ಮ ತಾಲೂಕುಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಕರ್ನಾಟಕಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ಪ್ರೊ. ಅಮೂಲ್ಯ ರೆಡ್ಡಿ ಅದರ ಮುಂದಾಳು. ಜಾಳಿಗೆ, ಚಿಮಣಿ ಕೂಡಿಸಿದ ‘ಅಸ್ತ್ರ ಒಲೆ’ ಅಲ್ಲಿಂದ ಬಂತು. 2016ರ ಮೇ ತಿಂಗಳಿಂದ ಉಜ್ವಲಾ ಗ್ಯಾಸ್ ಬಂದ ಮೇಲೆ ಬಹಳ ಮನೆಗಳ ಒಲೆ ಅಂಗಳ ಸೇರಿತು.

ಆ ಒಲೆಗಳಿಗೂ ಇಂದಿನ ಶೆಗಡಿಗೂ ಒಂದು ಭೇದ ನೆನಪಿಡಬೇಕು. ಒಲೆಯ ಚಿಮಣಿ ಹೊಗೆಯನ್ನೂ ವಿಷದ ಗಾಳಿಯನ್ನೂ ಮನೆಯಿಂದ ಹೊರಗೆ ಹಾಕುತ್ತದೆ. ಈ ಶೆಗಡಿಗೆ ಚಿಮಣಿಯೇ ಇಲ್ಲ.

ಕೊಳ್ಳುವಾಗ ಏನು ನೋಡಬೇಕು?

ಗಿರಾಕಿ: “ಅಣ್ಣಾ, ಇದಕ್ಕ ಹೊಗಿ ಬರೂದಿಲ್ಲ ಅಂತೀರಿ, ಖರೇನಾ?”

ಅಂಗಡಿಯವರು: “ಒಂದ್ ಚೂರೂ ಬರೂದಿಲ್ರೀ, ಗ್ಯಾರಂಟಿ ಅದ.”

ಇಂಥ ಗ್ಯಾರಂಟಿಗೆ ತಲೆ ಆಡಿಸಬೇಡಿ. ಮೊದಲು ಒಳಗೆ ಬೆರಳಾಡಿಸಿ ನೋಡಿ. ಕಂಠದ ಸುತ್ತ ತೂತಿನ ಸಾಲು ಇರಬೇಕು, ಗೋಡೆ ಎರಡಿರಬೇಕು, ನಡುವೆ ಗಾಳಿ ಓಡಾಡುವ ಸಂದಿ ಇರಬೇಕು. ಒಂದೇ ತಗಡಿಗೆ ಅಂದಕ್ಕೆ ತೂತು ಕೊರೆದದ್ದು ಬರೀ ಜಾಳಿಗೆ ಬುಟ್ಟಿ, ಅದಕ್ಕೆ ಹೆಚ್ಚು ದುಡ್ಡು ಕೊಡಬೇಡಿ.

ಎರಡನೆಯದು, ಬುಡದಲ್ಲಿ ಸರಳಿನ ಜಾಳಿಗೆ, ಅದರ ಕೆಳಗೆ ಬೂದಿ ಬೀಳುವ ತಟ್ಟೆ ಇರಬೇಕು. ಬೂದಿ ತುಂಬಿ ಗಾಳಿಯ ದಾರಿ ಮುಚ್ಚಿದರೆ ಹೊಸ ಶೆಗಡಿಯೂ ಹಳೆ ಒಲೆಯ ಹಾಗೆ ಹೊಗೆ ಕಾರುತ್ತದೆ.

ಮೂರನೆಯದು ತಗಡು. ತೆಳ್ಳನೆಯದು ಒಂದೆರಡು ಚಳಿಗಾಲಕ್ಕೇ ಸೊಟ್ಟಾಗಿ ತುಕ್ಕು ಹಿಡಿಯುತ್ತದೆ. ದಪ್ಪ ಕಬ್ಬಿಣ ಬಾಳುತ್ತದೆ, ಆದರೆ ಭಾರ. ಸ್ಟೇನ್‌ಲೆಸ್ ಸ್ಟೀಲು ಹಗುರ, ಆದರೆ ತುಟ್ಟಿ. ಸತುವಿನ ಲೇಪದ ಜಿಂಕ್ ಶೀಟು ಮಾತ್ರ ಬೇಡವೇ ಬೇಡ. ಜೋರು ಬೆಂಕಿಗೆ ಆ ಲೇಪ ಆವಿಯಾಗಿ, ಮೂಗಿಗೆ ಹೋದರೆ ಜ್ವರ, ಕೆಮ್ಮು ಬರುತ್ತವೆ.

ನಾಲ್ಕನೆಯದು ಕಾಲು. ಅಂಗಳಕ್ಕೆ ಶಹಾಬಾದಿ ಪರ್ಸಿ ಹಾಸಿದ ಮನೆಗಳು ನಮ್ಮಲ್ಲಿ ಬಹಳ. ಪರ್ಸಿಗೆ ಒಂದೇ ಕಡೆ ಬಿಸಿ ತಾಗಿದರೆ ಚಕ್ಕೆ ಎದ್ದು ಸಿಡಿಯುತ್ತದೆ. ಕಾಲು ಎತ್ತರವಿರಲಿ, ಇಲ್ಲವೇ ಕೆಳಗೆ ಇಟ್ಟಂಗಿ ಹಾಕಿ. ಕಣಕಿಯ ಬಣವೆ, ಗೂಡಂಗಡಿಯ ತಾಡಪತ್ರಿ ದೂರ ಇರಲಿ. ಹಿಡಿಕೆ ಎರಡಿದ್ದರೆ ಒಳ್ಳೆಯದು, ಆದರೆ ಪೂರ್ತಿ ಆರಿದ ಮೇಲೆಯೇ ಎತ್ತಬೇಕು.

ಇಷ್ಟೆಲ್ಲ ದುಡ್ಡು ಯಾಕೆ ಎನ್ನುವವರಿಗೆ ನಮ್ಮ ವೆಲ್ಡಿಂಗ್ ಅಂಗಡಿಗಳಿವೆ. ದೊಡ್ಡ ಡಬ್ಬಿಯೊಳಗೆ ಸಣ್ಣ ಡಬ್ಬಿ ಕೂಡಿಸಿ, ನಡುವೆ ಒಂದಿಂಚು ಸಂದಿ ಬಿಟ್ಟು, ಮೇಲಿನ ಬಾಯಿಯ ಸಂದಿ ಮುಚ್ಚಿ, ಹೇಳಿದ ಕಡೆ ತೂತು ಹೊಡೆಸಿದರೆ ಆಯಿತು. ಕಾರ್ಖಾನೆಯ ಕೆಮಿಕಲ್ ತುಂಬಿದ್ದ ಡ್ರಮ್ಮು ಮಾತ್ರ ತರಬೇಡಿ. ಒಳಗೆ ಉಳಿದ ಪಸೆ ಕತ್ತರಿಸುವಾಗಲೇ ಸಿಡಿದೀತು.

ತೊಗರಿ ಕಟಗಿಯ ಭಾಗ್ಯ

ಉರುವಲಿನ ವಿಷಯದಲ್ಲಿ ನಾವು ಅದೃಷ್ಟವಂತರು. ತೊಗರಿ ರಾಶಿ ಮುಗಿದ ಮೇಲೆ ಹೊಲದ ಬದುವಿನಲ್ಲಿ ಬೀಳುವ ಒಣ ಕಟಗಿ ಈ ಶೆಗಡಿಗೆ ಹೇಳಿ ಮಾಡಿಸಿದಂತಿದೆ. ಸಣ್ಣದು, ಬೇಗ ಹತ್ತುತ್ತದೆ, ಜೋರಾಗಿ ಉರಿಯುತ್ತದೆ. ಗೇಣುದ್ದ ಮುರಿದು ಹಾಕಬೇಕು. ಕಂಠದ ತೂತಿನ ಸಾಲಿಗಿಂತ ಕಟಗಿ ಮೇಲೆ ಚಾಚಿತೋ, ಹೊಗೆ ಉರಿಯುವ ಮೊದಲೇ ಪಾರಾಗುತ್ತದೆ. ಜಾಲಿ ಕಟ್ಟಿಗೆ ಹೆಚ್ಚು ಹೊತ್ತು ತಾಳುತ್ತದೆ, ಆದರೆ ಪೂರ್ತಿ ಒಣಗಿರಬೇಕು. ಎರಡು ತುಂಡು ಬಡಿದರೆ ಟಣ್ ಎನ್ನಬೇಕು, ದಪ್ ಎಂದರೆ ಒಳಗೆ ನೀರಿದೆ. ಕುಳ್ಳು ಇದಕ್ಕೆ ಸಲ್ಲದು, ಅದು ಒಳಗೊಳಗೇ ಕನಲುವ ವಸ್ತು.

ಎಷ್ಟೇ ಒಳ್ಳೆಯ ಶೆಗಡಿಯಾದರೂ ಹಚ್ಚಿದ ಮೊದಲ ಹತ್ತು ನಿಮಿಷ, ಆರುವ ಕೊನೆಯ ಗಳಿಗೆ ಹೊಗೆ ಬಂದೇ ಬರುತ್ತದೆ. ಕಟ್ಟಿಗೆಯೂ ಬೇಗ ತಿನ್ನುತ್ತದೆ. ಎರಡು ಗೋಡೆ ಇರುವುದರಿಂದ ಬಿಸಿ ಬದಿಗಿಂತ ಮೇಲಕ್ಕೇ ಹೆಚ್ಚು ಹೋಗುತ್ತದೆ. ಮುಖ ಬೆಚ್ಚಗೆ, ಕಾಲು ತಣ್ಣಗೆ ಎಂದು ಮುದುಕರು ಬೈದರೆ ಅದು ಅವರ ತಪ್ಪಲ್ಲ.

ಕಣ್ಣಿಗೆ ಕಾಣದ ವೈರಿ

ಇನ್ನು ಮುಖ್ಯ ಮಾತಿಗೆ ಬರೋಣ. ನಮ್ಮ ಕಡೆ ಬಾಣಂತಿ ಕೋಣೆಯಲ್ಲಿ ಹೊರಸಿನ ಕೆಳಗೆ ಕೆಂಡದ ಶೆಗಡಿ ಇಟ್ಟು ಕಾಸುವ ಪದ್ಧತಿ ಇದೆ. ಥಂಡಿ ಗಾಳಿ ತಾಗಬಾರದೆಂದು ಕಿಟಕಿ, ಬಾಗಿಲು ಬಂದ್. “ಇದಕ್ಕ ಹೊಗೀನೇ ಇಲ್ಲಲ್ಲ, ಒಳಗ ಇಡ್ರಿ” ಎಂದು ಯಾರಾದರೂ ಈ ಹೊಸ ಶೆಗಡಿಯನ್ನು ಅಲ್ಲಿಗೆ ಒಯ್ದರೆ ಅನಾಹುತ ಖಚಿತವೆಂದೇ ತಿಳಿಯಿರಿ.

ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ 200 ಪಟ್ಟು ಬಲವಾಗಿ ಅದನ್ನೇ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಆಮೇಲೆ ಮಂಪರು. ಮಲಗಿದವರಿಗೆ ಅದೂ ತಿಳಿಯುವುದಿಲ್ಲ. 2020ರ ಜನವರಿ 21ರಂದು ನೇಪಾಳದ ದಾಮನ್ ಎಂಬಲ್ಲಿ ಕೇರಳದ 8 ಪ್ರವಾಸಿಗರು ಒಂದೇ ಕೋಣೆಯಲ್ಲಿ ಪ್ರಾಣ ಬಿಟ್ಟರು. ಅವರಲ್ಲಿ 4 ಮಕ್ಕಳು. ಥಂಡಿಗೆಂದು ಗ್ಯಾಸ್ ಹೀಟರ್ ಹಚ್ಚಿ, ಬಾಗಿಲು ಕಿಟಕಿ ಹಾಕಿಕೊಂಡು ಮಲಗಿದ್ದರು. ಅಲ್ಲಿಯೂ ಕಣ್ಣುರಿಸುವ ಹೊಗೆ ಇರಲಿಲ್ಲ.

ಹಳೇ ಹೊಗೆ ಕಣ್ಣು ಉರಿಸಿ, ಕೆಮ್ಮು ತರಿಸಿ ನಮ್ಮನ್ನು ಎಬ್ಬಿಸಿ ಹೊರಗೆ ಕಳಿಸುತ್ತಿತ್ತು. ಹೊಗೆ ಇಲ್ಲದ ಬೆಂಕಿಗೆ ಆ ದಯೆ ಇಲ್ಲ. ಬಾಣಂತಿಗೆ, ಕೂಸಿಗೆ ಬಿಸಿನೀರಿನ ಚೀಲ, ಉಣ್ಣೆ ಟೊಪ್ಪಿಗೆ, ಬೆಚ್ಚನೆ ಕೌದಿ ಸಾಕು. ಯಾರಿಗಾದರೂ ಬೆಂಕಿ ಇಟ್ಟ ಕೋಣೆಯಲ್ಲಿ ತಲೆ ಸುತ್ತಿದರೆ ಮೊದಲು ಬಾಗಿಲು ತೆರೆದು ಹೊರಗಿನ ಗಾಳಿಗೆ ತನ್ನಿ, ಕೂಡಲೇ 108ಕ್ಕೆ ಫೋನ್ ಮಾಡಿ.

ಚಹಾದ ಹೋಟೆಲಿನವರು ನಾಲ್ಕು ಮಂದಿ ಕೂಡಿ ಇಂಥದೊಂದು ಶೆಗಡಿ ಅಂಗಡಿ ಎದುರು ಬಯಲಿನಲ್ಲಿಟ್ಟು ತೊಗರಿ ಕಟಗಿ ಹಾಕಿದರೆ, ಬಸ್ಸಿಗೆ ನಿಂತವರಿಗೆ ಟೈರಿನ ಹೊಗೆ ತಪ್ಪೀತು, ಚಹಾ ವ್ಯಾಪಾರವೂ ನಡೆದೀತು. ಮನೆಯವರು ಒಂದೇ ನೇಮ ಪಾಲಿಸಿದರೆ ಸಾಕು. ರಾತ್ರಿ ಮಲಗುವ ಮುಂಚೆ ಶೆಗಡಿ ಹೊಸ್ತಿಲಾಚೆ ಇದೆಯೇ ಎಂದು ನೋಡಿ, ಆಮೇಲೆ ಚಿಲಕ ಹಾಕಿ.