ಗಾಯ ಮಾಯಿಸುವ ಕಣಗಳು ದಾರಿ ತಪ್ಪಿದಾಗ

ಹುಮನಾಬಾದ್, ಬಸವಕಲ್ಯಾಣ, ರಾಜೇಶ್ವರದ ಸೀಮೆಯಲ್ಲಿ ತೊಗರಿ ಕೊಯ್ದ ಹೊಲ ತುಳಿಯುವವರಿಗೆ ಕೂಳೆ ಚುಚ್ಚುವುದು ಹೊಸತಲ್ಲ. ಅರಿಶಿನ ಮೆತ್ತಿ ಮರುದಿನವೇ ಕೆಲಸಕ್ಕೆ ಹೋಗುವುದೂ ರೂಢಿ. ಹೆಚ್ಚಿನವರ ಗಾಯ ಕೆಲವೇ ದಿನಗಳಲ್ಲಿ ಮಾಯುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಅದೇ ಗಾಯ ತಿಂಗಳುಗಟ್ಟಲೆ ಉಳಿದು, ಕೆಲವೊಮ್ಮೆ ಕಾಲನ್ನೇ ಕತ್ತರಿಸಬೇಕಾಗುತ್ತದೆ. ಹೀಗೇಕೆ?

ರೋಗನಿರೋಧಕ ಕಣಗಳನ್ನು ನಾವು ಸೈನಿಕರೆಂದು ಬಣ್ಣಿಸುತ್ತೇವೆ. ಆದರೆ ಗಾಯದಲ್ಲಿ ಅವುಗಳಿಗೆ ಗಾರೆ ಕೆಲಸವೂ ಇದೆ. ಮೊದಲು ಪ್ಲೇಟ್‌ಲೆಟ್‌ಗಳು ರಕ್ತವನ್ನು ಹೆಪ್ಪುಗಟ್ಟಿಸುತ್ತವೆ. ಕೆಲವೇ ತಾಸುಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ರೋಗಾಣುಗಳನ್ನು ಕೊಲ್ಲುತ್ತವೆ. ಎರಡು ಮೂರು ದಿನಗಳಲ್ಲಿ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ನೆರೆದು, ರೋಗಾಣುಗಳ ಜೊತೆಗೆ ಸತ್ತ ನ್ಯೂಟ್ರೋಫಿಲ್‌ಗಳನ್ನೂ ನುಂಗುತ್ತವೆ. ಹೀಗೆ ನುಂಗುವುದೇ ಅವುಗಳ ಸ್ವಭಾವ ಬದಲಾಗಲು ಒಂದು ಸೂಚನೆ. ಆಗ ಕೋಶದೊಳಗಿನ ಜೀನ್‌ಗಳು ಎಚ್ಚೆತ್ತು, ವೃದ್ಧಿಕಾರಕಗಳೆಂಬ ಪ್ರೋಟೀನುಗಳು ತಯಾರಾಗುತ್ತವೆ; ಸಣ್ಣ ಚೀಲಗಳಲ್ಲಿ ತುಂಬಿಕೊಂಡು ಕೋಶದ ಹೊರಗೆ ಸುರಿಯುತ್ತವೆ. ಒಂದು ವೃದ್ಧಿಕಾರಕ ಹೊಸ ರಕ್ತನಾಳಗಳನ್ನು ಚಿಗುರಿಸಿದರೆ, ಇನ್ನೊಂದು ಕೊಲಾಜೆನ್ ನೇಯುವ ಕೋಶಗಳನ್ನು ಕರೆತರುತ್ತದೆ.

1975ರಲ್ಲಿ ಲೈಬೊವಿಚ್ ಮತ್ತು ರಾಸ್ ಎಂಬ ವಿಜ್ಞಾನಿಗಳು ಗಿನಿ ಹಂದಿಗಳಲ್ಲಿ ಈ ಭಕ್ಷಕ ಕೋಶಗಳನ್ನು ಕಡಿಮೆ ಮಾಡಿ ನೋಡಿದರು. ಗಾಯದ ಕಸ ತೆರವಾಗುವುದೂ ಹೊಸ ಅಂಗಾಂಶ ಬೆಳೆಯುವುದೂ ತಡವಾದವು.

ಸಕ್ಕರೆ ಕಾಯಿಲೆಯಲ್ಲಿ ಈ ಕೋಶಗಳು ಗಾಯಕ್ಕೆ ಬಾರದೆ ಇರುವುದಿಲ್ಲ. ಬಂದವು ಕಾದಾಟದಲ್ಲೇ ಸಿಕ್ಕಿಕೊಂಡು, ಕಟ್ಟುವ ಕೆಲಸಕ್ಕೆ ಹೊರಳುವುದಿಲ್ಲ. ಅಷ್ಟಿಷ್ಟು ಬಿಡುಗಡೆಯಾದ ವೃದ್ಧಿಕಾರಕಗಳನ್ನೂ ಉರಿಯೂತದ ಕಿಣ್ವಗಳು ಒಡೆದುಹಾಕುತ್ತವೆ. ರಕ್ತಸಂಚಾರ ಕುಂದಿ, ನರಗಳು ಮರಗಟ್ಟಿರುವುದರಿಂದ ನೋವೂ ತಿಳಿಯುವುದಿಲ್ಲ.

ವೃದ್ಧಿಕಾರಕವನ್ನೇ ಹೊರಗಿನಿಂದ ಹಚ್ಚಬಾರದೇಕೆ ಎಂದು ಓದುಗರು ಕೇಳಬಹುದು. ಅಂಥದೊಂದು ಮುಲಾಮಿಗೆ ಅಮೆರಿಕ 1997ರಲ್ಲೇ ಅನುಮತಿ ನೀಡಿತು. ಆದರೆ ಸತ್ತ ಅಂಗಾಂಶವನ್ನು ತೆಗೆದು, ಪಾದದ ಮೇಲಿನ ಭಾರ ಇಳಿಸಿ, ರಕ್ತಸಂಚಾರ ಸರಿಯಿದ್ದರೆ ಮಾತ್ರ ಅದರಿಂದ ಪ್ರಯೋಜನ. ಕೊಳೆತ ನೆಲಕ್ಕೆ ಬೀಜ ಚೆಲ್ಲಿ ಫಲವೇನು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ ಎಂದು ಅದು ಅಂದಾಜಿಸಿದೆ. ಇವರಲ್ಲಿ ಬರಿಗಾಲಲ್ಲಿ ಹೊಲಕ್ಕಿಳಿಯುವವರೂ ಇದ್ದಾರೆ. ಅವರಿಗೆ ದುಬಾರಿ ಮುಲಾಮಿಗಿಂತ ಮೊದಲು ಸಿಗಬೇಕಾದದ್ದು ಪಾದ ಪರೀಕ್ಷೆ. ಪಾದದ ಸ್ಪರ್ಶಜ್ಞಾನವನ್ನು ಅಳೆಯಲು ಒಂದು ನೈಲಾನ್ ಎಳೆ ಸಾಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ ಅಳೆಯುವಾಗಲೇ ಪಾದವನ್ನೂ ನೋಡುವ ಪದ್ಧತಿ ಕಡ್ಡಾಯವಾಗಬೇಕೆಂಬುದು ನನ್ನ ಅಭಿಪ್ರಾಯ. ಮನೆಯವರೂ ಪ್ರತಿ ಸಂಜೆ ಅಂಗಾಲು ನೋಡಲಿ. ಗಾಯ ಕಂಡರೆ ಅರಿಶಿನಕ್ಕೆ ಕೈಹಾಕದೆ ವೈದ್ಯರಲ್ಲಿಗೆ ಕರೆದೊಯ್ಯಲಿ. ಗಾಯ ಚಿಕ್ಕದಿರುವಾಗ ಸಕ್ಕರೆಯನ್ನು ಹತೋಟಿಗೆ ತಂದರೆ, ದಾರಿ ತಪ್ಪಿದ ಕಣಗಳು ತಮ್ಮ ಕೆಲಸಕ್ಕೆ ಮರಳುವ ಅವಕಾಶ ಇನ್ನೂ ಇರುತ್ತದೆ.